ಸಹಾಯ ಬೇಕು: ಶಕ್ತಿಮಾನ್ ಎದೆಯ ಚಕ್ರ ಮಾಡುವುದು ಹೇಗೆ?

ನಮಸ್ಕಾರ. ಈ ಸಲ ಉಡುಪಿ ವಿಟ್ಲಪಿಂಡಿಗೆ (ಕೃಷ್ಣಾಷ್ಟಮಿಯ ಮರುದಿನದ ಉತ್ಸವ) ಶಕ್ತಿಮಾನ್ ವೇಷ ಹಾಕುವ ಅಂತ ಉಂಟು. ಹೌದು ಮಾರಾಯ್ರೆ, ಮಗನಿಗಲ್ಲ, ನನಗೇ! 1997ರಲ್ಲಿ ದೂರದರ್ಶನದಲ್ಲಿ ಆ ಸೂಪರ್‌ಹೀರೋ ಧಾರಾವಾಹಿ ಶುರುವಾದಾಗ ನಾನು ಎರಡನೇ ಕ್ಲಾಸು. ಪಕ್ಕದ ಮನೆಯ ಟಿವಿ ಎದುರು ಕೂತು ನೋಡಿ, ಆಮೇಲೆ ಅಂಗಳದಲ್ಲಿ ಶಕ್ತಿಮಾನ್ ಹಾಗೆ ಗಿರಗಿರ ಸುತ್ತಿ ಬಿದ್ದವರಲ್ಲಿ ನಾನೂ ಒಬ್ಬ.

ಕೆಂಪು ಅಂಗಿ ಹೊಲಿಸಿ ಆಯಿತು. ತಲೆಬಿಸಿ ಇರುವುದು ಎದೆಯ ಮೇಲಿನ ಚಿನ್ನದ ಬಣ್ಣದ ಚಕ್ರದ್ದು. ಮೊದಲು ಥರ್ಮಕೋಲಲ್ಲಿ ಕೊರೆದು ಗೋಲ್ಡನ್ ಸ್ಪ್ರೇ ಹೊಡೆದೆ. ಎರಡೇ ನಿಮಿಷ, ಬಣ್ಣ ಥರ್ಮಕೋಲನ್ನೇ ತಿಂದು ಹಾಕಿತು. ನೀರುದೋಸೆ ಹಾಗೆ ತೂತು ತೂತು. ಈಗ ಫೋಮ್ ಶೀಟಲ್ಲಿ ಒಂಬತ್ತು ಇಂಚಿನದ್ದು ಕತ್ತರಿಸಿಟ್ಟಿದ್ದೇನೆ. ಆದರೆ ಪೇಂಟ್ ಒಣಗಿದ ಮೇಲೆ ಬಗ್ಗಿಸಿದರೆ ಬಿರುಕು ಬಿಡುತ್ತದೆ.

ಯಕ್ಷಗಾನದ ಆಭರಣಕ್ಕೆ ಹಚ್ಚುವ ಬೇಗಡೆ (ಹೊಳೆಯುವ ತೆಳು ಹಾಳೆ) ಫೋಮಿಗೆ ಹಿಡಿಯುತ್ತದಾ? ಯಾವ ಗಮ್ಮು ಒಳ್ಳೆಯದು? ವೇಷಭೂಷಣದ ಕೆಲಸ ಗೊತ್ತಿದ್ದವರು ದಯವಿಟ್ಟು ಹೇಳಿ. ಭಾರ ಆಗಬಾರದು, ರಥಬೀದಿಯ ಆ ಜನರ ನಡುವೆ ಮಳೆ ಬಂದರೂ ಕಳಚಿ ಬೀಳಬಾರದು. ಎದುರಿನಿಂದ ತೆಗೆದ ಸ್ಪಷ್ಟ ಫೋಟೋ ಇದ್ದರೆ ಅದನ್ನೂ ಹಾಕಿ. ಹಳೇ ಎಪಿಸೋಡು ನಿಲ್ಲಿಸಿ ನಿಲ್ಲಿಸಿ ನೋಡಿ ಕಣ್ಣು ನೋವು ಬಂದದ್ದೇ ಬಂತು.