ತಿಂಗಳುಗಟ್ಟಲೆ ಬಾಹ್ಯಾಕಾಶ ವಾಸ: ಊರಿನ ವಾಚನಾಲಯದಲ್ಲಿ ಏನು ತೋರಿಸಬಹುದು?

ಪೆರ್ಲ_ಬಾಲವೇದಿ:
ಎಂಟು ದಿನಕ್ಕೆಂದು ಹೋದ ಸುನಿತಾ ವಿಲಿಯಮ್ಸ್ 286 ದಿನ ಇದ್ದು 2025ರ ಮಾರ್ಚ್‌ನಲ್ಲಿ ಇಳಿದಾಗ ಊರಿಡೀ ಅದೇ ಮಾತು. ಜುಲೈಯಲ್ಲಿ ಶುಭಾಂಶು ಶುಕ್ಲಾ ಮರಳಿದಾಗಲೂ ಹಾಗೆಯೇ. ಆಮೇಲೆ ಕೇಳುವವರಿಲ್ಲ. ಅಕ್ಟೋಬರ್ 4ರಿಂದ 10ರ ಬಾಹ್ಯಾಕಾಶ ಸಪ್ತಾಹಕ್ಕೆ ನಮ್ಮ ವಾಚನಾಲಯದಲ್ಲಿ ಒಂದು ಸಂಜೆಯ ಕಾರ್ಯಕ್ರಮ ಇಡಬೇಕೆಂದಿದ್ದೇವೆ. ರಾಕೆಟ್ ಮಾದರಿ, ರಸಪ್ರಶ್ನೆ ಪ್ರತಿವರ್ಷವೂ ಇದೆ. ಆರು ತಿಂಗಳು, ಒಂದು ವರ್ಷ ಮೇಲೆ ಇರುವುದೆಂದರೆ ಏನು ಅಂತ ಕಣ್ಣಿಗೆ ಕಾಣುವ ಹಾಗೆ ಮಾಡಿ ತೋರಿಸಬೇಕು. ಹೈಸ್ಕೂಲು ಮಕ್ಕಳು, ಅವರ ಮನೆಯವರು ಬರುತ್ತಾರೆ. ಖರ್ಚು ಎರಡು ಸಾವಿರದೊಳಗೆ. ತಿಳಿದವರು ಹೇಳಿ.

ಪದವಿನ_ಆಕಾಶ:
ಮೊದಲು ದಿನಾಂಕ ಬದಲಿಸಿ. ಅಕ್ಟೋಬರ್ ಸಂಜೆ ಅಂದರೆ ನಮ್ಮಲ್ಲಿ ಗುಡುಗು ಮಳೆ. ಡಿಸೆಂಬರ್‌ನಿಂದ ಫೆಬ್ರವರಿಯವರೆಗೆ ಆಕಾಶ ತೆರೆದಿರುತ್ತದೆ. ಆಗ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣವನ್ನೇ ಬರಿಗಣ್ಣಿಗೆ ತೋರಿಸಬಹುದು, ಖರ್ಚು ಸೊನ್ನೆ. ತಲೆಯ ಮೇಲೆ ಹೋಗುತ್ತಿರುವ ಆ ಬೆಳಕಿನಲ್ಲಿ ಜನ ಇದ್ದಾರೆ ಅಂತ ಒಮ್ಮೆ ಗೊತ್ತಾದವರು ಮರುದಿನ ತಾವೇ ಸಮಯ ಕೇಳುತ್ತಾರೆ. ಟಿ.ವಿ. ಸುದ್ದಿಯಿಂದ ಆಗದ್ದು ಇದರಿಂದ ಆಗುತ್ತದೆ.

ನಿಲ್ದಾಣ ದಿನಕ್ಕೆ ಹದಿನಾರರ ಹತ್ತಿರ ಸುತ್ತು ಹಾಕಿದರೂ ನಮಗೆ ಕಾಣುವುದು ನಮ್ಮಲ್ಲಿ ಕತ್ತಲಾಗಿ, ಸುಮಾರು 400 ಕಿ.ಮೀ. ಮೇಲೆ ಅದಕ್ಕೆ ಇನ್ನೂ ಬಿಸಿಲು ಬೀಳುತ್ತಿರುವಾಗ ಮಾತ್ರ. ಅಂದರೆ ಸೂರ್ಯಾಸ್ತದ ಬಳಿಕ ಅಥವಾ ಸೂರ್ಯೋದಯಕ್ಕೆ ಮೊದಲಿನ ಒಂದೂವರೆ ಗಂಟೆಯೊಳಗೆ. ಅದರ ಕಕ್ಷೆ ಸೂರ್ಯನಿಗೆ ಹೋಲಿಸಿದರೆ ಸುಮಾರು ಅರವತ್ತು ದಿನಕ್ಕೊಮ್ಮೆ ಪೂರ್ತಿ ತಿರುಗುತ್ತದೆ. ಹಾಗಾಗಿ ಕೆಲವು ದಿನ ಸಂಜೆ ಕಾಣುತ್ತದೆ, ನಡುವೆ ಬಿಡುವು, ಮತ್ತೆ ಕೆಲವು ದಿನ ಮುಂಜಾನೆ. ದಿನ ನಿಗದಿ ಮಾಡಿ ಆಮೇಲೆ ನಿಲ್ದಾಣ ಹುಡುಕಿದರೆ ಸಿಗದು. ಅದು ಬರುವ ದಿನ ನೋಡಿ ಕಾರ್ಯಕ್ರಮ ಇಡಿ. ನಿಲ್ದಾಣ ಬರುವ ಸಮಯ ತೋರಿಸುವ ಆ್ಯಪ್‌ನಲ್ಲಿ ಗರಿಷ್ಠ ಎತ್ತರ 40 ಡಿಗ್ರಿಗಿಂತ ಹೆಚ್ಚಿರುವುದನ್ನೇ ಆರಿಸಿ, ಸಮಯವನ್ನು ಅದೇ ದಿನ ಇನ್ನೊಮ್ಮೆ ನೋಡಿ. ನಡುವೆ ಎಂಜಿನ್ ಉರಿಸಿ ನಿಲ್ದಾಣವನ್ನು ಮೇಲೆತ್ತಿದ್ದರೆ ಹಳೆಯ ಲೆಕ್ಕ ತಪ್ಪುತ್ತದೆ.

ಅಡಕೆ ತೋಟದ ನಡುವೆ ನಿಲ್ಲಬೇಡಿ, ಆಕಾಶ ಅರ್ಧವೂ ಸಿಗುವುದಿಲ್ಲ. ಪದವಿನ, ಅಂದರೆ ಬಯಲುಗುಡ್ಡದ ಮೇಲೆ ಹೋಗಿ. ಪೊಸಡಿಗುಂಪೆ ಗುಡ್ಡ ನಿಮಗೆ ದೂರವೇನಲ್ಲ. ಪಶ್ಚಿಮದ ಕಡೆಯಿಂದ, ಅಂದರೆ ವಾಯವ್ಯ ಅಥವಾ ನೈಋತ್ಯದಿಂದ ಏರಿ ಬರುತ್ತದೆ, ಮಿನುಗುವುದಿಲ್ಲ, ಹೆಚ್ಚೆಂದರೆ ಆರು ನಿಮಿಷ. ಸಂಜೆಯಾದರೆ ಎಷ್ಟೋ ಸಲ ಪೂರ್ವಕ್ಕೆ ಇಳಿಯುವ ಮೊದಲೇ ನಡು ಆಕಾಶದಲ್ಲಿ ಮಸುಕಾಗಿ ಕೆಂಪಾಗಿ ಆರಿಹೋಗುತ್ತದೆ. ಮೋಡವಲ್ಲ, ಭೂಮಿಯ ನೆರಳು. ಆ ಒಳಗಿನವರಿಗೆ ಆಗ ಸೂರ್ಯಾಸ್ತ. ಇದನ್ನು ಮಕ್ಕಳಿಗೆ ಮೊದಲೇ ಹೇಳಿಡಿ.

ಕುಂಬ್ಳೆ_ಟೀಚರ್:
ಪದವಿನವರು ಹೇಳಿದ್ದು ಸರಿ. ಒಳಾಂಗಣಕ್ಕೆ ನನ್ನ ಸಲಹೆ ನೀರು. ದಾಖಲೆಗಳ ಪಟ್ಟಿ ಬೇಡ. ಹೇಳಲೇಬೇಕಿದ್ದರೆ ವಲೇರಿ ಪೊಲ್ಯಕೋವ್ ಸಾಕು. ಅವರು ವೈದ್ಯರು. ಮಂಗಳನವರೆಗಿನ ಪ್ರಯಾಣವನ್ನು ಮನುಷ್ಯದೇಹ ತಾಳುತ್ತದೆಯೇ ಎಂದು ನೋಡಲೆಂದೇ 1994–95ರಲ್ಲಿ ರಷ್ಯಾದ ಮೀರ್ ನಿಲ್ದಾಣದಲ್ಲಿ ಒಂದೇ ಸಲಕ್ಕೆ 437 ದಿನ ಇದ್ದರು.

ನಿಲ್ದಾಣದಲ್ಲಿ ಒಬ್ಬರಿಗೆ ಕುಡಿಯಲು, ಅಡುಗೆಗೆ, ಶುಚಿತ್ವಕ್ಕೆ ಸೇರಿ ದಿನಕ್ಕೆ ಸುಮಾರು 3.8 ಲೀಟರ್ ನೀರು ಬೇಕು. ಅಷ್ಟನ್ನು ಒಂದು ಕೊಡಪಾನದಲ್ಲಿ ಅಳೆದಿಡಿ. ಪಕ್ಕದಲ್ಲಿ ಒಂದು ಲೋಟದಲ್ಲಿ 76 ಮಿ.ಲೀ. ಬೆವರು, ಉಸಿರಿನ ತೇವ, ಮೂತ್ರ ಎಲ್ಲ ಸೇರಿ 98 ಶೇಕಡಾ ನೀರು ಮರಳಿ ಪಡೆಯುವ ಗುರಿಯನ್ನು 2023ರಲ್ಲಿ ಮುಟ್ಟಿದರು. ಆ ಲೆಕ್ಕದಲ್ಲಿ ನಷ್ಟವಾಗುವುದು ಲೋಟದಲ್ಲಿರುವಷ್ಟೇ. ಆರು ತಿಂಗಳಿಗೆ ಕೊಡಪಾನದ ಲೆಕ್ಕ 684 ಲೀಟರ್, ಲೋಟದ್ದು 14 ಲೀಟರಿಗೂ ಕಡಿಮೆ.

ಇದರ ಹಿಂದಿನ ತೊಂದರೆಯ ಕಥೆ ಬಹಳ ಚೆನ್ನಾಗಿದೆ, ಬಿಡಬೇಡಿ. 2008ರಲ್ಲಿ ಮೇಲೆ ಹೋದ ಮೂತ್ರ ಶುದ್ಧೀಕರಣ ಯಂತ್ರ 85 ಶೇಕಡಾ ನೀರು ತೆಗೆಯಬೇಕಿತ್ತು. ಆದರೆ ಮೇಲೆ ಇರುವಾಗ ಭಾರ ಬೀಳದ ಮೂಳೆ ಕರಗುತ್ತದೆ. ತಡೆಯದಿದ್ದರೆ ಸೊಂಟದ ಮೂಳೆಯಲ್ಲಿ ತಿಂಗಳಿಗೆ 1ರಿಂದ 1.5 ಶೇಕಡಾ. ಆ ಕ್ಯಾಲ್ಸಿಯಂ ಮೂತ್ರಕ್ಕೆ ಬಂತು, ಮೂತ್ರ ಕೆಡದಂತೆ ಹಾಕುತ್ತಿದ್ದ ಸಲ್ಫ್ಯೂರಿಕ್ ಆಮ್ಲದ ಸಲ್ಫೇಟ್ ಜೊತೆ ಸೇರಿ ಗಟ್ಟಿಯಾಗಿ ಯಂತ್ರ ಕಟ್ಟಿಕೊಂಡಿತು. 70–75 ಶೇಕಡಾಕ್ಕೆ ಇಳಿಸಬೇಕಾಯಿತು. ಆಮೇಲೆ ಫಾಸ್ಫರಿಕ್ ಆಮ್ಲಕ್ಕೆ ಬದಲಿಸಿ ಸರಿಪಡಿಸಿದರು.

ಇದನ್ನು ಆಮ್ಲವಿಲ್ಲದೆಯೇ ತೋರಿಸಬಹುದು. ಶಾಲೆಯ ಲ್ಯಾಬಿನ ಕ್ಯಾಲ್ಸಿಯಂ ಕ್ಲೋರೈಡ್ 5 ಗ್ರಾಂ, ತೋಟಕ್ಕೆ ಹಾಕುವ ಮೆಗ್ನೀಷಿಯಂ ಸಲ್ಫೇಟ್ 5 ಗ್ರಾಂ, ಬೇರೆ ಬೇರೆಯಾಗಿ 25 ಮಿ.ಲೀ. ನೀರಿನಲ್ಲಿ ಕರಗಿಸಿ, ಸೋಸಿ, ಒಟ್ಟು ಮಾಡಿ: ಬಿಳಿ ಗಷ್ಟು ಕೂರುತ್ತದೆ. ಇನ್ನೊಂದು ಪಾತ್ರೆಯಲ್ಲಿ ಎರಡನ್ನೂ ಕಾಲು ಕಾಲು ಗ್ರಾಂ ಒಂದು ಲೀಟರ್ ನೀರಿಗೆ ಹಾಕಿ: ತಿಳಿಯಾಗಿಯೇ ಇರುತ್ತದೆ. ನೀರು ಹೆಚ್ಚು ಹಿಂಡಿದಷ್ಟೂ ಉಪ್ಪು ಗಟ್ಟಿಯಾಗುವುದು ಯಾಕೆಂದು ಹತ್ತು ನಿಮಿಷದಲ್ಲಿ ಗೊತ್ತಾಗುತ್ತದೆ. ಅಲ್ಲಿಂದ ದಿನಕ್ಕೆ ಎರಡು ಗಂಟೆಗೂ ಮೀರಿದ ವ್ಯಾಯಾಮದ ಮಾತಿಗೆ ಬನ್ನಿ. ಮೂಳೆ ಉಳಿಸುವುದೂ ನೀರು ಉಳಿಸುವುದೂ ಅಲ್ಲಿ ಒಂದಕ್ಕೊಂದು ಅಂಟಿಕೊಂಡಿವೆ.

ಮೊಳಕೆ_ಮುಳ್ಳೇರಿಯ:
ಶುಕ್ಲಾ ಮೇಲೆ ಹೆಸರುಕಾಳು ಮತ್ತು ಮೆಂತೆ ಮೊಳಕೆ ಬರಿಸಿದ ಪ್ರಯೋಗ ಧಾರವಾಡದ ಕೃಷಿ ವಿಶ್ವವಿದ್ಯಾಲಯ ಮತ್ತು ಐಐಟಿಯದ್ದು. ಅದನ್ನು ಹಿಡಿದು ಮಕ್ಕಳಿಂದಲೇ ಮಾಡಿಸಿ. 12 ವೋಲ್ಟ್‌ನ ಗೇರ್ ಮೋಟಾರ್, ನಿಮಿಷಕ್ಕೆ 1–2 ಸುತ್ತಿನದು, ತಟ್ಟೆ ತಿರುಗಿಸಲು ಬೇಕು. ಅಂಗಡಿಯ ಚೈನಾ ಗ್ರಾಸ್ (ಅಗರ್) 1 ಗ್ರಾಂ, 100 ಮಿ.ಲೀ. ನೀರಿನಲ್ಲಿ ಕುದಿಸಿ ಮುಚ್ಚಳವಿರುವ ತಟ್ಟೆಗೆ ಹೊಯ್ಯಿರಿ. ಗಟ್ಟಿಯಾದ ಮೇಲೆ ಎಂಟು ಗಂಟೆ ನೆನೆದ ಹೆಸರುಕಾಳನ್ನು ಅದರಲ್ಲಿ ಒತ್ತಿಡಿ. ತಟ್ಟೆಯನ್ನು ಗೋಡೆಗಡಿಯಾರದಂತೆ ನೆಟ್ಟಗೆ ನಿಲ್ಲಿಸಿ ತಿರುಗಿಸಬೇಕು, ಅಂದರೆ ಮೋಟಾರಿನ ಕಡ್ಡಿ ನೆಲಕ್ಕೆ ಸಮಾಂತರ. ಅದೇ ರೀತಿ ಇನ್ನೊಂದು ತಟ್ಟೆ ತಿರುಗಿಸದೆ ಇಡಿ. ಎರಡೂ ಕತ್ತಲಲ್ಲಿ, ಯಾಕೆಂದರೆ ಬೆಳಕಿದ್ದರೆ ಮೊಳಕೆ ಅತ್ತ ವಾಲುತ್ತದೆ. ನಿಂತದ್ದರಲ್ಲಿ ಬೇರು ಕೆಳಕ್ಕೆ, ತಿರುಗಿದ್ದರಲ್ಲಿ ದಿಕ್ಕಾಪಾಲು.

ಕಡ್ಡಿ ವಾಲಿದ್ದರೆ ಬೇರುಗಳೆಲ್ಲ ಒಂದೇ ಬದಿಗೆ ತಿರುಗಿ ಪ್ರಯೋಗ ಕೆಡುತ್ತದೆ. ರಸಮಟ್ಟ ಇಟ್ಟು ನೋಡಿ. ನಮ್ಮ ಸೆಕೆಗೆ ಮೂರನೇ ದಿನ ಬೂಸ್ಟು ಹಿಡಿಯುವುದರಿಂದ ಎರಡು ದಿನ ಮೊದಲಷ್ಟೇ ಶುರು ಮಾಡಿ. ಗುರುತ್ವ ಇಲ್ಲವಾಯಿತು ಅಂತ ಮಕ್ಕಳಿಗೆ ಹೇಳಬೇಡಿ. ಅದರ ದಿಕ್ಕು ಬದಲಾಗುತ್ತಲೇ ಇರುವುದರಿಂದ ಬೇರಿಗೆ ಕೆಳಗೆ ಯಾವುದೆಂದು ಸಿಗುವುದಿಲ್ಲ, ಅಷ್ಟೆ.

ಪೆರ್ಲ_ಬಾಲವೇದಿ:
ಜನವರಿಗೆ ಮುಂದೂಡಿದೆವು. ಟೀಚರ್, ಗಷ್ಟಿನ ಪ್ರಯೋಗ ಖಂಡಿತ ಇಡುತ್ತೇವೆ. ಇನ್ನೊಂದು: ನಿಲ್ದಾಣದಲ್ಲಿರುವ ಗಗನಯಾತ್ರಿಗಳ ಮಾತು ರೇಡಿಯೋದಲ್ಲಿ ಕೇಳಿಸಬಹುದೇ?

ಮಂಜೇಶ್ವರ_ರೇಡಿಯೋ:
ಹ್ಯಾಮ್ (ಹವ್ಯಾಸಿ ರೇಡಿಯೋ) ಪರವಾನಗಿ ಇರುವವರನ್ನು ಕರೆಸಿ, ಅವರೇ ಸೆಟ್ ತರಲಿ. ನಿಲ್ದಾಣದಿಂದ ಮಾತು ಬರುವುದು 145.800 ಮೆಗಾಹರ್ಟ್ಜ್, ಎಫ್ಎಂನಲ್ಲಿ. ಕಾಲು ತರಂಗದ ಕಡ್ಡಿ ಆಂಟೆನಾ 49 ಸೆಂ.ಮೀ. ನಿಲ್ದಾಣದ ವೇಗದಿಂದ ತರಂಗ ಸುಮಾರು 3.5 ಕಿಲೋಹರ್ಟ್ಜ್ ಆಚೀಚೆ ಸರಿಯುತ್ತದೆ. ಬರುವಾಗ 145.805, ನೆತ್ತಿಯಲ್ಲಿ 145.800, ಹೋಗುವಾಗ 145.795ಕ್ಕೆ ಒತ್ತಿ. ಆದರೆ ಮಾತು ಯಾವಾಗಲೂ ಇರುವುದಿಲ್ಲ. ಶಾಲೆಗಳ ಜೊತೆ ಸಂಪರ್ಕ ನಿಗದಿಯಾದಾಗ ಅಥವಾ ಗಗನಯಾತ್ರಿಗೆ ಬಿಡುವಿದ್ದಾಗ ಮಾತ್ರ. ನಡುನಡುವೆ ಕೆಲವು ದಿನ ಚಿತ್ರವನ್ನು ಶಬ್ದವಾಗಿಸಿ ಕಳುಹಿಸುತ್ತಾರೆ, ಹೆಚ್ಚಾಗಿ ಪಿಡಿ-120 ವಿಧಾನದಲ್ಲಿ. ಫೋನಿನಲ್ಲಿ ರೋಬೋಟ್-36 ಆ್ಯಪ್ ತೆರೆದು ಸ್ಪೀಕರಿನ ಹತ್ತಿರ ಹಿಡಿದರೆ ಸಾಕು. ಒಂದು ಚಿತ್ರಕ್ಕೆ ಎರಡು ನಿಮಿಷ ಬೇಕು, ನಿಲ್ದಾಣ ಒಮ್ಮೆ ಹಾದುಹೋಗುವಾಗ ಎರಡೋ ಮೂರೋ ಸಿಗುತ್ತವೆ. ಆಗ ಸುತ್ತಲೂ ಯಾರೂ ಮಾತಾಡಬಾರದು, ಚಪ್ಪಾಳೆ ತಟ್ಟಿದರೂ ಚಿತ್ರದಲ್ಲಿ ಗೆರೆ ಬೀಳುತ್ತದೆ.