ಜರ್ಮನಿಯಲ್ಲಿ ಕೆಲಸ ಹೋದಾಗ: ಮಕ್ಕಳಿರುವ ಮನೆಯವರು ನಿರುದ್ಯೋಗ ಭತ್ಯೆಯ ಅರ್ಜಿಯಲ್ಲಿ ಗಮನಿಸಬೇಕಾದ್ದು

ಕೆಲಸದಿಂದ ತೆಗೆದ ಪತ್ರ ಕೈಸೇರಿದ ದಿನವೇ ಗಡುವುಗಳು ಓಡಲು ಶುರು. ಕೆಲಸ ಮುಗಿಯಲು 3 ತಿಂಗಳಿಗಿಂತ ಕಡಿಮೆ ಇದ್ದರೆ 3 ದಿನದೊಳಗೆ ಸರ್ಕಾರದ ಉದ್ಯೋಗ ಕಚೇರಿಯಾದ ಅಗೆಂಟೂರ್ ಫ್ಯೂರ್ ಆರ್ಬೈಟ್‌ನಲ್ಲಿ 'ಆರ್ಬೈಟ್‌ಸೂಖೆಂಡ್' (ಕೆಲಸ ಹುಡುಕುತ್ತಿರುವವರು) ಎಂದು ನೋಂದಾಯಿಸಿ. ತಡವಾದರೆ ಒಂದು ವಾರದ ಭತ್ಯೆ ಹೋಯಿತು. ಬ್ಲೂ ಕಾರ್ಡಿನವರು (ನುರಿತ ವಿದೇಶಿ ಕೆಲಸಗಾರರ ಪರವಾನಗಿ ಇರುವವರು) ಎರಡು ವಾರದೊಳಗೆ ವೀಸಾ ಕಚೇರಿಗೂ ತಿಳಿಸಬೇಕು. ಕೆಲಸದಿಂದ ತೆಗೆದದ್ದನ್ನು ಪ್ರಶ್ನಿಸಿ ಕೋರ್ಟಿಗೆ ಹೋಗುವ ಯೋಚನೆಯಿದ್ದರೆ ಅದಕ್ಕೆ ಇರುವುದು 3 ವಾರ ಮಾತ್ರ.

ಬಹಳ ಜನ ಎಡವುವುದು ಇದರ ಮುಂದಿನ ಹೆಜ್ಜೆಯಲ್ಲಿ. 'ಆರ್ಬೈಟ್ಸ್‌ಲೋಸ್' (ಕೆಲಸವಿಲ್ಲದವರು) ಎನ್ನುವುದು ಬೇರೆಯೇ ನೋಂದಣಿ. ಕೆಲಸವಿಲ್ಲದ ಮೊದಲ ದಿನದೊಳಗೆ ಅದೂ ಆಗಿರಬೇಕು. ಹಿಂದಿನ ದಿನಗಳ ದುಡ್ಡು ಆಮೇಲೆ ಸಿಗುವುದಿಲ್ಲ. ಆನ್‌ಲೈನ್‌ನಲ್ಲಿ ಮಾಡಲು ರೆಸಿಡೆನ್ಸ್ ಕಾರ್ಡಿನ ಆನ್‌ಲೈನ್ ಗುರುತಿನ ಪಿನ್ ಬೇಕು. ಪಿನ್ ಇಲ್ಲದವರು ಅದಕ್ಕಾಗಿ ಕಾಯದೆ ನೇರವಾಗಿ ಕಚೇರಿಗೆ ಹೋಗಿಬಿಡುವುದೇ ಲೇಸು.

ಕಂಪನಿಯವರು 'ಪರಸ್ಪರ ಒಪ್ಪಿಗೆ'ಯಿಂದ ಕೆಲಸ ಬಿಡುವ ಕಾಗದ ಮುಂದಿಟ್ಟರೆ ಅವತ್ತೇ ಸಹಿ ಹಾಕಬೇಡಿ. ಸರಿಯಾದ ಕಾರಣ ತೋರಿಸದಿದ್ದರೆ ರಾಜೀನಾಮೆಗೂ ಈ ಸಹಿಗೂ ಶಿಕ್ಷೆ ಒಂದೇ: 12 ವಾರ ಭತ್ಯೆ ತಡೆ, ಜೊತೆಗೆ ಒಟ್ಟು ಅವಧಿಯಲ್ಲಿ ಕನಿಷ್ಠ ಕಾಲುಭಾಗ ಖೋತಾ.

ಕಳೆದ 30 ತಿಂಗಳಲ್ಲಿ 12 ತಿಂಗಳು ನಿರುದ್ಯೋಗ ವಿಮೆ ಕಟ್ಟಿದ್ದರೆ 6 ತಿಂಗಳ ಭತ್ಯೆ. ಪೂರ್ತಿ ಒಂದು ವರ್ಷ ಸಿಗಲು 24 ತಿಂಗಳು ಕಟ್ಟಿರಬೇಕು. ವಿಮೆಯಲ್ಲಿದ್ದುಕೊಂಡೇ ಹೆರಿಗೆಗೆ ಹೋದ ತಾಯಂದಿರಿಗೆ, ಮಗುವಿಗೆ 3 ತುಂಬುವವರೆಗಿನ ಪಾಲನೆಯ ಕಾಲವೂ ಲೆಕ್ಕಕ್ಕೆ ಸೇರುತ್ತೆ. ಮೊತ್ತ 60%, ಮಗುವಿದ್ದರೆ 67%. ಇದು ಬ್ಯಾಂಕಿಗೆ ಬರುತ್ತಿದ್ದ ಸಂಬಳದ ಮೇಲಲ್ಲ, ತೆರಿಗೆ ತರಗತಿ ನೋಡಿ ಅಗೆಂಟೂರ್ ತಾನೇ ಹಾಕುವ ನಿವ್ವಳದ ಮೇಲೆ. ದಂಪತಿ III/V (ಒಬ್ಬರಿಗೆ ಕಡಿಮೆ ತೆರಿಗೆಯ III, ಇನ್ನೊಬ್ಬರಿಗೆ ಹೆಚ್ಚು ತೆರಿಗೆಯ V) ಇಟ್ಟುಕೊಂಡಿದ್ದು V ತರಗತಿಯವರ ಕೆಲಸ ಹೋದರೆ ಪೆಟ್ಟು ಜೋರು. ಜನವರಿ 1ರಂದು ಇದ್ದ ತರಗತಿಯೇ ಮುಖ್ಯ ಆಗುವುದರಿಂದ, ಲೇಆಫ್ ಸುದ್ದಿ ಹರಿದಾಡುತ್ತಿದ್ದರೆ ಡಿಸೆಂಬರ್ ಮುಗಿಯುವ ಮುಂಚೆ ಇಬ್ಬರಿಗೂ ಒಂದೇ ತರಗತಿಯಾದ IV/IVಗೆ ಬದಲಿಸಲು ಅರ್ಜಿ ಹಾಕಿ. V ತರಗತಿಯವರ ಪೇಸ್ಲಿಪ್ಪಿನಲ್ಲಿ ಮಗುವಿನ ಲೆಕ್ಕ ಕಾಣುವುದಿಲ್ಲ, ಹಾಗಾಗಿ ಅರ್ಜಿಯಲ್ಲಿ ಮಗುವಿನ ಭಾಗವನ್ನು ಮರೆಯದೆ ತುಂಬಿ.

ಇನ್ನು ಅರ್ಜಿಯಲ್ಲಿ ಸಾಧುವಾಗಿ ಕಾಣುವ ಒಂದು ಪ್ರಶ್ನೆ: ವಾರಕ್ಕೆ ಎಷ್ಟು ಗಂಟೆ ಕೆಲಸಕ್ಕೆ ಸಿದ್ಧ? ಕಿಟಾ (ಶಿಶುವಿಹಾರ) ಮಧ್ಯಾಹ್ನಕ್ಕೇ ಮುಗಿಯುತ್ತೆ ಅಂತ 20 ಗಂಟೆ ಎಂದು ಬರೆದರೆ, 40 ಗಂಟೆ ದುಡಿದಿದ್ದವರ ಭತ್ಯೆಯ ಲೆಕ್ಕವೂ ಅರ್ಧ ಸಂಬಳದ ಮೇಲೇ ನಡೆಯುತ್ತೆ. 15 ಗಂಟೆಗಿಂತ ಕಡಿಮೆ ಬರೆದರೆ ಹಕ್ಕೇ ಇಲ್ಲ. ಹಾಗಂತ ಸುಳ್ಳು ಬರೆಯುವುದೂ ಸಲ್ಲ, ಮಗುವನ್ನು ಯಾರು ನೋಡಿಕೊಳ್ಳುತ್ತಾರೆ ಅಂತ ಕೇಳಬಹುದು. ಸಂಗಾತಿ, ದೀರ್ಘಾವಧಿ ಕಿಟಾ, ಡೇ ಕೇರ್ ಹೀಗೆ ನಿಜವಾದ ಏರ್ಪಾಡು ಮಾಡಿಕೊಂಡು ಪೂರ್ಣ ಗಂಟೆ ಬರೆಯಿರಿ. ವಿಸಿಟ್ ವೀಸಾದಲ್ಲಿ ಬಂದ ಅಜ್ಜಿಯನ್ನು ನಂಬಿ ಬರೆದರೆ 90 ದಿನ ಮುಗಿದ ಮೇಲೆ ಪೇಚಾಟ.

ಭತ್ಯೆ ಬರುತ್ತಿರುವಾಗ ಊರಿಗೆ ಹೋಗುವುದಾದರೆ ಟಿಕೆಟ್ ಮಾಡಿಸುವ ಮುಂಚೆ ಒಪ್ಪಿಗೆ ತಗೊಳ್ಳಿ. ಸಾಮಾನ್ಯವಾಗಿ ವರ್ಷಕ್ಕೆ 3 ವಾರದವರೆಗೆ ಸಿಗುತ್ತೆ. ಹೇಳದೆ ಹೋದರೆ ಆ ದಿನಗಳ ದುಡ್ಡು ವಾಪಸ್ ಕಟ್ಟಬೇಕು. ಮಿನಿಜಾಬ್ (ಕಡಿಮೆ ಸಂಬಳದ ಸಣ್ಣ ಕೆಲಸ) ಹಿಡಿದರೆ ಮೊದಲ ದಿನವೇ ತಿಳಿಸಿ: ತಿಂಗಳಿಗೆ 165 ಯೂರೋವರೆಗೆ ಕಡಿತವಿಲ್ಲ, ಆದರೆ ವಾರಕ್ಕೆ 15 ಗಂಟೆಯೊಳಗೇ ಇರಬೇಕು. ಮಗುವಿಗೆ ಜ್ವರ ಬಂದು ನೀವೇ ನೋಡಿಕೊಳ್ಳಬೇಕಾದರೆ ಡಾಕ್ಟರ್ ಚೀಟಿ ಕೊಡಿ, ಮಗುವೊಂದಕ್ಕೆ ವರ್ಷಕ್ಕೆ 10 ದಿನ ಭತ್ಯೆ ನಿಲ್ಲುವುದಿಲ್ಲ.

ಈ ಭತ್ಯೆ ತಗೊಂಡರೆ ವೀಸಾಕ್ಕೆ ಕುತ್ತು ಅನ್ನುವ ಭಯ ಬೇಡ. ಇದು ಸಂಬಳದಿಂದ ನೀವೇ ಕಟ್ಟಿದ ವಿಮೆ, ಆದಾಯವಿಲ್ಲದವರಿಗೆ ಕೊಡುವ ಸರ್ಕಾರದ ನೆರವಲ್ಲ. ಕಿಂಡರ್‌ಗೆಲ್ಡ್ (ಮಕ್ಕಳ ಭತ್ಯೆ) ಎಂದಿನಂತೆ ಬರುತ್ತೆ, ಆರೋಗ್ಯ ವಿಮೆಯ ಕಂತನ್ನು ಅಗೆಂಟೂರ್ ಕಟ್ಟುತ್ತೆ. ಆದರೆ ಭತ್ಯೆ ವರ್ಷಕ್ಕೆ 410 ಯೂರೋ ದಾಟಿದರೆ ತೆರಿಗೆ ರಿಟರ್ನ್ ಕಡ್ಡಾಯ. ಭತ್ಯೆಗೆ ತೆರಿಗೆಯಿಲ್ಲದಿದ್ದರೂ ಉಳಿದ ಆದಾಯದ ದರವನ್ನು ಅದು ಏರಿಸುವುದರಿಂದ ಸ್ವಲ್ಪ ದುಡ್ಡು ಎತ್ತಿಟ್ಟುಕೊಳ್ಳಿ. ಆದೇಶಪತ್ರ ಬಂದಾಗ ತೆರಿಗೆ ತರಗತಿ, ಮಗು, ಗಂಟೆ ಮೂರೂ ಸರಿಯಿವೆಯೇ ನೋಡಿ. ತಪ್ಪಿದ್ದರೆ ಒಂದು ತಿಂಗಳೊಳಗೆ ಲಿಖಿತ ಆಕ್ಷೇಪಣೆ ಸಲ್ಲಿಸಬೇಕು.