ಗಣಿತ ಶಿಕ್ಷಕಿಗೆ ಎಂ.ಇಡಿ.ಯೋ, ಶಿಕ್ಷಣದಲ್ಲಿ ಎಂ.ಎ.ಯೋ? ಓದಿ ಮುಗಿಸಿದವರ ಅನುಭವಗಳು

ಕೋರಿಕೆ: ಪ್ರೌಢಶಾಲಾ ಗಣಿತ ಶಿಕ್ಷಕಿ

ನಾನು ಬಿ.ಎಸ್ಸಿ., ಬಿ.ಇಡಿ. ಮುಗಿಸಿ ಅನುದಾನಿತ ಪ್ರೌಢಶಾಲೆಯೊಂದರಲ್ಲಿ ಗಣಿತ ಕಲಿಸುತ್ತಿದ್ದೇನೆ. ಮುಂದೆ ಬಿ.ಇಡಿ. ಕಾಲೇಜಿನಲ್ಲಿ ಕಲಿಸಬೇಕೆಂಬ ಆಸೆಯಿದೆ. ಅದಕ್ಕೆ ಶಿಕ್ಷಣದಲ್ಲಿ ಎಂ.ಎ. ಮಾಡಿದರೆ ಸಾಕು ಎಂದು ಕೆಲವರು ಹೇಳುತ್ತಾರೆ, ಎಂ.ಇಡಿ. ಇಲ್ಲದೆ ನಡೆಯುವುದಿಲ್ಲ ಎಂದು ಇನ್ನು ಕೆಲವರು ಹೇಳುತ್ತಾರೆ. ಕಲಿಕೆಯಲ್ಲಿ ಹಿಂದುಳಿಯುವ ಮಕ್ಕಳ ಬಗ್ಗೆ ಮೊದಲಿನಿಂದಲೂ ಆಸಕ್ತಿ ಇರುವುದರಿಂದ ವಿಶೇಷ ಶಿಕ್ಷಣದ ಕಡೆಗೂ ಮನಸ್ಸು ಹರಿಯುತ್ತದೆ. ಯಾವ ಪದವಿ, ಯಾವ ವಿಶೇಷ ವಿಷಯ, ಕೆಲಸ ಬಿಡದೆ ಓದಲು ಸಾಧ್ಯವೇ ಎಂಬುದನ್ನು ಈ ದಾರಿಯಲ್ಲಿ ಹೋದವರು ದಯವಿಟ್ಟು ತಿಳಿಸಬೇಕು.

ಉತ್ತರ: ಶಿಕ್ಷಣ ಮಹಾವಿದ್ಯಾಲಯದ ಪ್ರಾಧ್ಯಾಪಕ

ಮೇಡಂ, ನಿಮಗೆ ಸಲಹೆ ಕೊಟ್ಟ ಎರಡೂ ಕಡೆಯವರ ಮಾತಿನಲ್ಲಿ ಅರ್ಧರ್ಧ ನಿಜವಿದೆ. ಬಿ.ಇಡಿ. ಕಾಲೇಜಿನಲ್ಲಿ ಕಲಿಸುವವರ ಅರ್ಹತೆಯನ್ನು ರಾಷ್ಟ್ರೀಯ ಶಿಕ್ಷಕ ಶಿಕ್ಷಣ ಪರಿಷತ್ತು, ಅಂದರೆ ಎನ್‌ಸಿಟಿಇ, ತನ್ನ 2014ರ ನಿಯಮಾವಳಿಯಲ್ಲಿ ಹುದ್ದೆಯ ಸ್ವರೂಪಕ್ಕೆ ತಕ್ಕಂತೆ ಬೇರೆಬೇರೆಯಾಗಿ ವಿಧಿಸಿದೆ. ಶಿಕ್ಷಣದ ತತ್ತ್ವಶಾಸ್ತ್ರ, ಮನೋವಿಜ್ಞಾನ, ಸಮಾಜಶಾಸ್ತ್ರದಂತಹ ಆಧಾರ ವಿಷಯಗಳನ್ನು ಬೋಧಿಸುವವರು ಸಮಾಜ ವಿಜ್ಞಾನದ ಯಾವುದಾದರೂ ವಿಷಯದಲ್ಲಿ ಸ್ನಾತಕೋತ್ತರ ಪದವಿಯನ್ನೂ ಎಂ.ಇಡಿ.ಯನ್ನೂ ತಲಾ ಶೇ. 55 ಅಂಕಗಳೊಂದಿಗೆ ಪಡೆದಿರಬೇಕು. ಇಲ್ಲವಾದರೆ ಶಿಕ್ಷಣದಲ್ಲಿ ಎಂ.ಎ. ಮತ್ತು ಬಿ.ಇಡಿ. ಎರಡರಲ್ಲೂ ಅಷ್ಟೇ ಅಂಕಗಳಿರಬೇಕು. ಗಣಿತ ಬೋಧನಾ ವಿಧಾನವನ್ನು ಕಲಿಸುವ ಹುದ್ದೆಗೆ ಈ ಎರಡನೆಯ ದಾರಿ ಇಲ್ಲ. ಅಲ್ಲಿ ಗಣಿತದಂತಹ ಶಾಲಾ ವಿಷಯದಲ್ಲಿ ಸ್ನಾತಕೋತ್ತರ ಪದವಿಯೂ ಬೇಕು, ಎಂ.ಇಡಿ.ಯೂ ಬೇಕು.

ಹೀಗಾಗಿ ನಿಮ್ಮ ವಿಷಯದಲ್ಲಿ ಮುಖ್ಯ ಪ್ರಶ್ನೆ ಎಂ.ಇಡಿ.ಯೋ ಎಂ.ಎ.ಯೋ ಎಂಬುದಲ್ಲ, ಎಂ.ಎಸ್ಸಿ. ಇಲ್ಲ ಎಂಬುದು. ನಮ್ಮಲ್ಲಿ ಸಂದರ್ಶನಕ್ಕೆ ಬರುವವರಲ್ಲಿ ಎಂ.ಇಡಿ.ಯನ್ನು ಉತ್ತಮ ದರ್ಜೆಯಲ್ಲಿ ಮುಗಿಸಿ, ವಿಷಯದ ಸ್ನಾತಕೋತ್ತರ ಪದವಿ ಇಲ್ಲದ ಕಾರಣಕ್ಕೆ ಅರ್ಹತಾ ಪರಿಶೀಲನೆಯಲ್ಲೇ ಹಿಂದೆ ಉಳಿಯುವವರನ್ನು ಪ್ರತಿ ಬಾರಿಯೂ ನೋಡುತ್ತೇನೆ. ಅಂಕಗಳ ಲೆಕ್ಕವನ್ನೂ ಗಮನಿಸಿ. ಎಂ.ಇಡಿ. ಪ್ರವೇಶಕ್ಕೆ ಬಿ.ಇಡಿ.ಯಲ್ಲಿ ಶೇ. 50 ಸಾಕಾಗುತ್ತದೆ, ಆದರೆ ಮುಂದೆ ಬೋಧಕ ಹುದ್ದೆಗೂ ಯುಜಿಸಿಯ, ಅಂದರೆ ವಿಶ್ವವಿದ್ಯಾಲಯ ಧನಸಹಾಯ ಆಯೋಗದ, ಬೋಧಕರ ಅರ್ಹತಾ ಪರೀಕ್ಷೆಯಾದ ನೆಟ್ ಪರೀಕ್ಷೆಗೂ ಸ್ನಾತಕೋತ್ತರ ಪದವಿಯಲ್ಲಿ ಶೇ. 55 ಬೇಕು. ಮೀಸಲಾತಿಗೆ ಒಳಪಟ್ಟವರಿಗೆ ನಿಯಮದಂತೆ ರಿಯಾಯಿತಿ ಇದೆ. ಪಾಸಾದರೆ ಸಾಕು ಎಂಬ ಮನಸ್ಸಿನಿಂದ ಸೇರುವ ಪದವಿ ಇದಲ್ಲ.

ಇನ್ನು ಎಂ.ಇಡಿ.ಯ ರಚನೆ. ಶಿಕ್ಷಕ ಶಿಕ್ಷಣದ ಕುರಿತ ನ್ಯಾಯಮೂರ್ತಿ ಜೆ.ಎಸ್. ವರ್ಮಾ ಆಯೋಗವು 2012ರಲ್ಲಿ ವರದಿ ಕೊಟ್ಟ ಬಳಿಕ ರೂಪುಗೊಂಡ 2014ರ ನಿಯಮಾವಳಿಯು ಒಂದು ವರ್ಷದ ಎಂ.ಇಡಿ.ಯನ್ನು ಎರಡು ವರ್ಷ, ನಾಲ್ಕು ಸೆಮಿಸ್ಟರ್‌ಗಳಿಗೆ ವಿಸ್ತರಿಸಿತು. ಪ್ರವೇಶದಿಂದ ಗರಿಷ್ಠ ಮೂರು ವರ್ಷಗಳೊಳಗೆ ಮುಗಿಸಬೇಕು. ಎನ್‌ಸಿಟಿಇಯ ಪಠ್ಯಕ್ರಮ ಚೌಕಟ್ಟಿನಲ್ಲಿ ಒಟ್ಟು 80 ಕ್ರೆಡಿಟ್‌ಗಳಿದ್ದು, ವಿಶ್ವವಿದ್ಯಾಲಯಗಳು ಅದನ್ನು ಸ್ವಲ್ಪ ಹಿಗ್ಗಿಸಿ ಕುಗ್ಗಿಸಿ ಅಳವಡಿಸಿಕೊಂಡಿವೆ. ಎಲ್ಲರಿಗೂ ಸಮಾನವಾದ ಆಧಾರ ಪತ್ರಿಕೆಗಳು, ಸಂಶೋಧನಾ ವಿಧಾನ, ಶಿಕ್ಷಕ ಶಿಕ್ಷಣ, ಶಿಕ್ಷಕ ತರಬೇತಿ ಸಂಸ್ಥೆಯೊಂದರಲ್ಲಿ ಇಂಟರ್ನ್‌ಶಿಪ್, ಕೊನೆಗೆ ಸಂಶೋಧನಾ ಪ್ರಬಂಧ ಇವು ಕಡ್ಡಾಯವಾದ ಭಾಗಗಳು. ಬಿ.ಇಡಿ.ಯಲ್ಲಿ ಮಕ್ಕಳಿಗೆ ಪಾಠ ಮಾಡಿದಂತೆ ಇಲ್ಲಿ ಪ್ರಶಿಕ್ಷಣಾರ್ಥಿಗಳ ಪಾಠಯೋಜನೆಯನ್ನು ತಿದ್ದಿ, ಅವರ ಪಾಠವನ್ನು ಹಿಂದಿನ ಬೆಂಚಿನಲ್ಲಿ ಕುಳಿತು ಗಮನಿಸಿ, ಅವರ ಮನಸ್ಸು ನೋಯದಂತೆ ಹಿಮ್ಮಾಹಿತಿ ಕೊಡಬೇಕಾಗುತ್ತದೆ. ಈ ಕೊನೆಯದು ಅನುಭವಿ ಶಿಕ್ಷಕರಿಗೂ ಸುಲಭವಲ್ಲ. ಬಹುಕಾಲ ತರಗತಿ ನಡೆಸಿದವರಿಗೆ ‘ನಾನಾಗಿದ್ದರೆ ಹೀಗೆ ಮಾಡುತ್ತಿದ್ದೆ’ ಎನ್ನುವುದನ್ನು ಬಿಟ್ಟು ಬೇರೆ ಮಾತು ಬರುವುದೇ ಇಲ್ಲ.

ವಿಶೇಷೀಕರಣ ಎರಡು ಹಂತಗಳಲ್ಲಿದೆ. ಮೊದಲು ಎಂಟನೆಯ ತರಗತಿಯವರೆಗಿನ ಪ್ರಾಥಮಿಕ ಶಿಕ್ಷಣ, ಇಲ್ಲವೇ ಆರರಿಂದ ಹನ್ನೆರಡನೆಯ ತರಗತಿಯವರೆಗಿನ ಪ್ರೌಢ ಶಿಕ್ಷಣ, ಈ ಎರಡರಲ್ಲಿ ಒಂದನ್ನು ಆರಿಸಿಕೊಳ್ಳಬೇಕು. ಅದರೊಳಗೆ ಪಠ್ಯಕ್ರಮ ಮತ್ತು ಮೌಲ್ಯಮಾಪನ, ಶೈಕ್ಷಣಿಕ ನೀತಿ ಮತ್ತು ಯೋಜನೆ, ಆಡಳಿತ ಮತ್ತು ನಿರ್ವಹಣೆ, ಶೈಕ್ಷಣಿಕ ತಂತ್ರಜ್ಞಾನ, ವಿಶೇಷ ಅಗತ್ಯವುಳ್ಳ ಮಕ್ಕಳಿಗೂ ಸಾಮಾನ್ಯ ತರಗತಿಯಲ್ಲೇ ಕಲಿಸುವ ಸಮನ್ವಯ ಶಿಕ್ಷಣ ಮುಂತಾದ ವಿಷಯಗಳು ಬರುತ್ತವೆ. ಕಾಗದದ ಮೇಲೆ ಪಟ್ಟಿ ಎಷ್ಟೇ ಉದ್ದವಿರಲಿ, ಕಾಲೇಜಿನಲ್ಲಿ ಅದನ್ನು ಬೋಧಿಸುವ ಅಧ್ಯಾಪಕರಿದ್ದರಷ್ಟೇ ಆ ವಿಷಯ ನಿಮಗೆ ದೊರೆಯುತ್ತದೆ. ಆದ್ದರಿಂದ ಸೇರುವ ಮೊದಲು ಹಿಂದಿನ ಸಾಲಿನ ವಿದ್ಯಾರ್ಥಿಗಳಿಗೆ ಯಾವ ಐಚ್ಛಿಕ ವಿಷಯಗಳನ್ನು ನಿಜವಾಗಿ ಕೊಟ್ಟಿದ್ದರು ಎಂದು ವಿಚಾರಿಸಿ. ಗಣಿತ ಶಿಕ್ಷಕಿಯಾದ ನಿಮಗೆ ನನ್ನ ಒಲವು ಪ್ರೌಢ ಹಂತದ ಪಠ್ಯಕ್ರಮ ಮತ್ತು ಮೌಲ್ಯಮಾಪನದ ಕಡೆಗೆ. ಪ್ರಶ್ನೆಪತ್ರಿಕೆ ತಯಾರಿಸುವವರು ನಮ್ಮಲ್ಲಿ ಎಲ್ಲೆಡೆ ಇದ್ದಾರೆ, ಆದರೆ ಒಂದು ಪ್ರಶ್ನೆ ಏನನ್ನು ಅಳೆಯುತ್ತಿದೆ ಎಂದು ವಿವರಿಸಬಲ್ಲವರು ವಿರಳ.

ಕಾಲೇಜಿಗೆ ಎನ್‌ಸಿಟಿಇ ಮಾನ್ಯತೆ ಇದೆಯೇ ಎಂಬುದನ್ನು ಪರಿಷತ್ತಿನ ದಕ್ಷಿಣ ಪ್ರಾದೇಶಿಕ ಸಮಿತಿಯ ಪಟ್ಟಿಯಲ್ಲಿ ನೀವೇ ನೋಡಿಕೊಳ್ಳಬೇಕು. ಮಾನ್ಯತೆ ಇಲ್ಲದ ಸಂಸ್ಥೆಯ ಪದವಿಯು ಸರಕಾರಿ ಮತ್ತು ಅನುದಾನಿತ ಸಂಸ್ಥೆಗಳ ಉದ್ಯೋಗಕ್ಕೆ ಸಿಂಧುವಲ್ಲ ಎಂದು 1993ರ ಎನ್‌ಸಿಟಿಇ ಕಾಯ್ದೆಯೇ ಹೇಳುತ್ತದೆ. ಮೈಸೂರಿನಲ್ಲಿ ಎನ್‌ಸಿಇಆರ್‌ಟಿಯ ಪ್ರಾದೇಶಿಕ ಶಿಕ್ಷಣ ಸಂಸ್ಥೆ ಇದೆ. ಅಲ್ಲಿನ ಎಂ.ಇಡಿ.ಗೆ ಸಾಮಾನ್ಯ ಪ್ರವೇಶ ಪರೀಕ್ಷೆ ನಡೆಯುತ್ತದೆ, ಪ್ರಯತ್ನಿಸಿ ನೋಡಬಹುದು.

ಉತ್ತರ: ಶಿಕ್ಷಣದಲ್ಲಿ ಎಂ.ಎ. ಮಾಡಿದ ಸಂಪನ್ಮೂಲ ವ್ಯಕ್ತಿ

ಪ್ರಾಧ್ಯಾಪಕರ ಮಾತು ಕಾಲೇಜು ಹುದ್ದೆಯ ಮಟ್ಟಿಗೆ ಸರಿಯಾಗಿದೆ. ಆದರೆ ಶಿಕ್ಷಕರನ್ನು ತಯಾರು ಮಾಡುವ ಕೆಲಸ ಕಾಲೇಜಿನ ಒಳಗೆ ಮಾತ್ರ ನಡೆಯುವುದಿಲ್ಲ. ನಾನು ಶಿಕ್ಷಣದಲ್ಲಿ ಎಂ.ಎ. ಮಾಡಿ, ಸರಕಾರಿ ಶಾಲಾ ಶಿಕ್ಷಕರೊಂದಿಗೆ ಕೆಲಸ ಮಾಡುವ ಸ್ವಯಂಸೇವಾ ಸಂಸ್ಥೆಯಲ್ಲಿದ್ದೇನೆ. ಇಲ್ಲಿ ನೇಮಕದ ವೇಳೆ ಎಂ.ಇಡಿ. ಇದೆಯೇ ಎಂದು ನನ್ನನ್ನು ಯಾರೂ ಕೇಳಲಿಲ್ಲ. ಬೆಂಗಳೂರಿನ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯದ ಎಂ.ಎ., ಮುಂಬೈಯ ಟಾಟಾ ಸಮಾಜ ವಿಜ್ಞಾನ ಸಂಸ್ಥೆಯ ಎಂ.ಎ. ಇಂತಹ ಕೋರ್ಸುಗಳು ಪಠ್ಯಪುಸ್ತಕ ರಚನೆ, ಶೈಕ್ಷಣಿಕ ನೀತಿ, ಕ್ಷೇತ್ರಕಾರ್ಯ ಇವುಗಳತ್ತ ಒಲಿದಿವೆ. ಬಿ.ಇಡಿ. ಇಲ್ಲದವರೂ ಸೇರಬಹುದಾದ್ದರಿಂದ ಎಂಜಿನಿಯರ್, ಪತ್ರಕರ್ತ, ಶಿಕ್ಷಕ ಎಲ್ಲರೂ ಒಂದೇ ತರಗತಿಯಲ್ಲಿ ಸಿಗುತ್ತಾರೆ, ಚರ್ಚೆಯ ರುಚಿಯೇ ಬೇರೆಯಾಗಿರುತ್ತದೆ. ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯದಲ್ಲಿ ಇದೇ ವಿಷಯದ ಎಂ.ಎ.ಯನ್ನು ದೂರಶಿಕ್ಷಣದಲ್ಲಿ ಮಾಡಬಹುದು. ಕೆಲಸ ಬಿಡಲಾಗದವರಿಗೆ ಅದು ದೊಡ್ಡ ಅನುಕೂಲ. ನೆಟ್ ಪರೀಕ್ಷೆಯ ಶಿಕ್ಷಣ ವಿಷಯಕ್ಕೂ ಈ ಪದವಿಯ ಮೇಲೆ ಕುಳಿತುಕೊಳ್ಳಬಹುದು.

ಆದರೂ ನಿಮ್ಮ ಗುರಿ ಬಿ.ಇಡಿ. ಕಾಲೇಜಿನ ಗಣಿತ ಬೋಧನಾ ವಿಧಾನವೇ ಆಗಿದ್ದರೆ ನಮ್ಮ ದಾರಿಯನ್ನು ಹಿಡಿಯಬೇಡಿ ಎಂದೇ ಹೇಳುತ್ತೇನೆ.

ಉತ್ತರ: ವಿಶೇಷ ಶಿಕ್ಷಕಿ

ವಿಶೇಷ ಶಿಕ್ಷಣದ ಬಗ್ಗೆ ಕೇಳಿದ್ದೀರಿ. ಎಂ.ಇಡಿ.ಯೊಳಗೆ ಐಚ್ಛಿಕವಾಗಿ ಓದುವ ಸಮನ್ವಯ ಶಿಕ್ಷಣ ಒಂದು, ವಿಶೇಷ ಶಿಕ್ಷಣದಲ್ಲೇ ಪಡೆಯುವ ಎಂ.ಇಡಿ. ಇನ್ನೊಂದು. ಮೊದಲನೆಯದರಿಂದ ತಿಳಿವಳಿಕೆ ಬರುತ್ತದೆ, ವಿಶೇಷ ಶಿಕ್ಷಕರಾಗುವ ಅರ್ಹತೆ ಬರುವುದಿಲ್ಲ. ಎರಡನೆಯದು ಎನ್‌ಸಿಟಿಇಯ ಬದಲು, 1992ರ ಕಾಯ್ದೆಯ ಮೂಲಕ ಶಾಸನಬದ್ಧವಾದ ಭಾರತೀಯ ಪುನರ್ವಸತಿ ಪರಿಷತ್ತಿನ ವ್ಯಾಪ್ತಿಗೆ ಬರುತ್ತದೆ. ಆ ಪರಿಷತ್ತಿನ ನೋಂದಣಿ ಪುಸ್ತಕದಲ್ಲಿ ಹೆಸರಿಲ್ಲದೆ ವಿಶೇಷ ಶಿಕ್ಷಕರಾಗಿ ವೃತ್ತಿ ನಡೆಸುವಂತಿಲ್ಲ.

ಇದರ ಪರಿಣಾಮ ನಿಮ್ಮ ಮೇಲೆ ಏನೆಂದರೆ, ಸಾಮಾನ್ಯ ಬಿ.ಇಡಿ. ಒಂದನ್ನೇ ಇಟ್ಟುಕೊಂಡು ವಿಶೇಷ ಶಿಕ್ಷಣದ ಎಂ.ಇಡಿ.ಗೆ ನೇರವಾಗಿ ಸೇರಲಾಗುವುದಿಲ್ಲ. ಅದಕ್ಕೆ ಮೊದಲು ವಿಶೇಷ ಶಿಕ್ಷಣದಲ್ಲೇ ಬಿ.ಇಡಿ. ಮಾಡಬೇಕು, ಇಲ್ಲವೇ ಸಾಮಾನ್ಯ ಬಿ.ಇಡಿ.ಯ ಜೊತೆಗೆ ಪುನರ್ವಸತಿ ಪರಿಷತ್ತು ಮಾನ್ಯ ಮಾಡಿದ ಡಿಪ್ಲೊಮಾ ಇರಬೇಕು. ಇಲ್ಲಿನ ವಿಶೇಷೀಕರಣವೂ ಮಗುವಿನ ಅಗತ್ಯವನ್ನು ಆಧರಿಸಿದೆ: ಶ್ರವಣದೋಷ, ದೃಷ್ಟಿದೋಷ, ಬೌದ್ಧಿಕ ಅಸಮರ್ಥತೆ, ಕಲಿಕಾ ನ್ಯೂನತೆ ಹೀಗೆ. ಶ್ರವಣದೋಷದ ಕ್ಷೇತ್ರದಲ್ಲಿ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ಒಳ್ಳೆಯ ಹೆಸರಿದೆ. ನೀವು ಹೇಳುವ, ಗಣಿತದಲ್ಲಿ ಹಿಂದುಳಿದ ಮಕ್ಕಳೆಲ್ಲರಿಗೂ ಕಲಿಕಾ ನ್ಯೂನತೆ ಇದೆಯೆಂದು ಭಾವಿಸಬೇಡಿ. ಅವರಲ್ಲಿ ಅನೇಕರು ಕೆಳಗಿನ ತರಗತಿಗಳಲ್ಲಿ ಸರಿಯಾದ ಕಲಿಕೆ ಸಿಗದೆ ಹಿಂದೆ ಉಳಿದವರು, ಅವರಿಗೆ ಬೇಕಾಗಿರುವುದು ನಿಮ್ಮಂತಹ ಗಣಿತ ಶಿಕ್ಷಕಿಯೇ.

ಉದ್ಯೋಗದ ದೃಷ್ಟಿಯಿಂದ ಈ ಕ್ಷೇತ್ರ ವಿಸ್ತರಿಸುತ್ತಿದೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯು ಹಿಂದಿನ ಕಾಯ್ದೆಯ 7 ಬಗೆಗಳ ಬದಲು 21 ಬಗೆಯ ವೈಕಲ್ಯಗಳನ್ನು ಗುರುತಿಸಿತು. ಸಾಮಾನ್ಯ ಶಾಲೆಗಳಲ್ಲೂ ವಿಶೇಷ ಶಿಕ್ಷಕರಿರಬೇಕೆಂದು ಸುಪ್ರೀಂ ಕೋರ್ಟ್ 2021ರಲ್ಲಿ ನಿರ್ದೇಶಿಸಿತು. ಆದರೆ ಹುದ್ದೆ ಹೆಚ್ಚುತ್ತದೆ ಎಂಬ ಒಂದೇ ಕಾರಣಕ್ಕೆ ಈ ಕಡೆ ಬಂದವರು ಹೆಚ್ಚು ಕಾಲ ನಿಲ್ಲುವುದನ್ನು ನಾನು ಕಂಡಿಲ್ಲ.

ಉತ್ತರ: ಇತ್ತೀಚೆಗೆ ಎಂ.ಇಡಿ. ಮುಗಿಸಿದ ಶಿಕ್ಷಕ

ಕೆಲಸ ಬಿಡದೆ ಓದುವ ಪ್ರಶ್ನೆಗೆ ಇನ್ನೂ ಯಾರೂ ನೇರವಾಗಿ ಉತ್ತರಿಸಿಲ್ಲ. ವರ್ಷಕ್ಕೆ 200 ಕೆಲಸದ ದಿನಗಳು, ವಾರಕ್ಕೆ 36 ಗಂಟೆಗಳು, ಪಾಠ ಮತ್ತು ಪ್ರಾಯೋಗಿಕ ಕೆಲಸಗಳಿಗೆ ಶೇ. 80 ಹಾಜರಾತಿ, ಕ್ಷೇತ್ರಕಾರ್ಯಕ್ಕೆ ಶೇ. 90 ಹಾಜರಾತಿ ಎಂಬುದು ನಿಯಮ. ಇದನ್ನು ಪಾಲಿಸಿಕೊಂಡು ಬೆಳಿಗ್ಗೆಯಿಂದ ಸಂಜೆಯವರೆಗೆ ಶಾಲೆಯಲ್ಲೂ ಕೆಲಸ ಮಾಡಲು ಸಾಧ್ಯವೇ ಇಲ್ಲ. ‘ಹೆಸರು ಹಚ್ಚಿ, ಪರೀಕ್ಷೆಗೆ ಬಂದರೆ ಸಾಕು’ ಎನ್ನುವ ಕಾಲೇಜುಗಳಿವೆ ಎಂಬುದು ಎಲ್ಲರಿಗೂ ತಿಳಿದ ಗುಟ್ಟು. ಒಂದೇ ಅವಧಿಯಲ್ಲಿ ಶಾಲೆಯ ಹಾಜರಿ ಪುಸ್ತಕದಲ್ಲೂ ಕಾಲೇಜಿನ ಹಾಜರಿ ಪುಸ್ತಕದಲ್ಲೂ ಹೆಸರಿದ್ದರೆ, ಮುಂದೆ ನೇಮಕಾತಿಯ ವೇಳೆ ದಾಖಲೆ ಪರಿಶೀಲಿಸುವವರಿಗೆ ಅದನ್ನು ಕಂಡುಹಿಡಿಯುವುದು ಕಷ್ಟವಲ್ಲ. ನಾನು ಆಡಳಿತ ಮಂಡಳಿಯಿಂದ ಲಿಖಿತ ಅನುಮತಿ ಪಡೆದು, ವೇತನರಹಿತ ರಜೆ ಹಾಕಿ ಓದಿದೆ. ನೀವು ಅನುದಾನಿತ ಶಾಲೆಯಲ್ಲಿರುವುದರಿಂದ ಮಂಡಳಿಯ ಜೊತೆಗೆ ಇಲಾಖೆಯ ಪೂರ್ವಾನುಮತಿಯನ್ನೂ ಕೇಳಿಕೊಳ್ಳಿ, ಎಲ್ಲವೂ ಬರಹದಲ್ಲಿರಲಿ.

ಪ್ರಬಂಧದ ಬಗ್ಗೆ ಒಂದು ಮಾತು ಹೇಳಲೇಬೇಕು. ‘ಪ್ರೌಢಶಾಲಾ ವಿದ್ಯಾರ್ಥಿಗಳ ಅಧ್ಯಯನ ಅಭ್ಯಾಸಗಳಿಗೂ ಗಣಿತ ಸಾಧನೆಗೂ ಇರುವ ಸಂಬಂಧ: ಒಂದು ಅಧ್ಯಯನ’ ಎಂಬ ಬಗೆಯ ಶೀರ್ಷಿಕೆಗಳು ಪ್ರತಿ ಕಾಲೇಜಿನ ಗ್ರಂಥಾಲಯದಲ್ಲೂ ಸಾಲಾಗಿ ನಿಂತಿವೆ. ಊರಿನ ಹೆಸರನ್ನು ಬದಲಿಸಿದರೆ ಹೊಸ ಪ್ರಬಂಧ ಸಿದ್ಧ. ನಿಮಗೆ ಅದರ ಅಗತ್ಯವಿಲ್ಲ. ಅರ್ಧಕ್ಕೆ ಮೂರನೆಯ ಒಂದನ್ನು ಕೂಡಿಸಲು ಹೇಳಿದಾಗ ಅಂಶಕ್ಕೆ ಅಂಶ, ಛೇದಕ್ಕೆ ಛೇದ ಕೂಡಿಸಿ ಐದನೆಯ ಎರಡು ಎಂದು ಬರೆಯುವ ಮಕ್ಕಳು ನಿಮ್ಮ ತರಗತಿಯಲ್ಲೂ ಇರುತ್ತಾರೆ. ಉತ್ತರವು ಅರ್ಧಕ್ಕಿಂತ ಕಡಿಮೆಯಾಯಿತಲ್ಲ ಎಂದು ಅವರಿಗೆ ಏಕೆ ಅನಿಸುವುದಿಲ್ಲ, ಎಂಟನೆಯ ತರಗತಿಯಿಂದ ಹತ್ತಕ್ಕೆ ಬರುವಾಗ ಆ ತಪ್ಪು ಮಾಯವಾಗುತ್ತದೆಯೇ ಅಥವಾ ಬೀಜಗಣಿತದೊಳಗೆ ವೇಷ ಮರೆಸಿಕೊಂಡು ಉಳಿಯುತ್ತದೆಯೇ ಎಂಬುದು ಪ್ರಬಂಧಕ್ಕೆ ಯೋಗ್ಯವಾದ ಪ್ರಶ್ನೆ. ತಪ್ಪಿನ ಮೂಲವನ್ನು ಪತ್ತೆಹಚ್ಚುವ ಒಂದು ನೈದಾನಿಕ ಪರೀಕ್ಷೆ ರಚಿಸಿ, ಅದನ್ನು ಪೂರ್ವಪರೀಕ್ಷೆಗೆ ಒಳಪಡಿಸಿ, ತಪ್ಪು ಮಾಡಿದ ಕೆಲವು ಮಕ್ಕಳನ್ನು ಕೂರಿಸಿಕೊಂಡು ‘ಹೇಗೆ ಮಾಡಿದೆ, ಹೇಳು’ ಎಂದು ಕೇಳಿದರೆ ಸಿಗುವ ಸಾಮಗ್ರಿ, ನೂರಾರು ಮಕ್ಕಳಿಂದ ಪ್ರಶ್ನಾವಳಿಯಲ್ಲಿ ಟಿಕ್ ಹಾಕಿಸಿದರೆ ಸಿಗುವುದಿಲ್ಲ. ಎರಡನೆಯ ಸೆಮಿಸ್ಟರ್ ಮುಗಿಯುವ ಮೊದಲೇ ಪ್ರಶ್ನೆಯನ್ನು ನಿಶ್ಚಯಿಸಿ ಮಾರ್ಗದರ್ಶಕರಿಗೆ ತೋರಿಸಿ. ಶಾಲೆಗಳಿಗೆ ಪರೀಕ್ಷೆಯ ಬಿಸಿ ತಾಕುವ ಜನವರಿಯ ಬಳಿಕ ದತ್ತಾಂಶ ಸಂಗ್ರಹಕ್ಕೆ ಯಾವ ಮುಖ್ಯೋಪಾಧ್ಯಾಯರೂ ತರಗತಿ ಬಿಟ್ಟುಕೊಡುವುದಿಲ್ಲ.

ಮರುಪ್ರಶ್ನೆ: ಪ್ರೌಢಶಾಲಾ ಗಣಿತ ಶಿಕ್ಷಕಿ

ಎಲ್ಲರಿಗೂ ಕೃತಜ್ಞತೆಗಳು. ವಿಶೇಷ ಶಿಕ್ಷಣದ ಯೋಚನೆಯನ್ನು ಸದ್ಯಕ್ಕೆ ಬಿಡುತ್ತೇನೆ. ಎಂ.ಎಸ್ಸಿ. ಮತ್ತು ಎಂ.ಇಡಿ. ಎರಡನ್ನೂ ಮಾಡಬೇಕಾದರೆ ಯಾವುದು ಮೊದಲು? ಎರಡನ್ನೂ ಒಟ್ಟಿಗೆ ಮಾಡಬಹುದೇ?

ಉತ್ತರ: ಶಿಕ್ಷಣ ಮಹಾವಿದ್ಯಾಲಯದ ಪ್ರಾಧ್ಯಾಪಕ

ಎಂ.ಎಸ್ಸಿ. ಮೊದಲು. ಶಾಲೆಯ ಕೆಲಸದಲ್ಲಿದ್ದುಕೊಂಡೇ ಮುಕ್ತ ವಿಶ್ವವಿದ್ಯಾಲಯದ ಮೂಲಕ ಗಣಿತದ ಎಂ.ಎಸ್ಸಿ. ಮಾಡಬಹುದು, ಏಕೆಂದರೆ ಅದಕ್ಕೆ ಪ್ರಯೋಗಾಲಯದ ಹಂಗಿಲ್ಲ. ಸೇರುವ ಮೊದಲು ಆ ಕೋರ್ಸಿಗೆ ಯುಜಿಸಿಯ ದೂರಶಿಕ್ಷಣ ಮಂಡಳಿಯ ಅನುಮೋದನೆ ಆ ಸಾಲಿಗೆ ಇದೆಯೇ ಎಂದು ನೋಡಿಕೊಳ್ಳಿ. ಏಕಕಾಲದಲ್ಲಿ ಎರಡು ಪದವಿಗಳನ್ನು ಓದಲು ಯುಜಿಸಿ 2022ರಲ್ಲಿ ಅವಕಾಶ ಕೊಟ್ಟಿದೆಯಾದರೂ, ವೃತ್ತಿಪರ ಪದವಿಗಳಿಗೆ ಆಯಾ ಪರಿಷತ್ತಿನ ನಿಯಮಗಳೂ ಅನ್ವಯವಾಗುತ್ತವೆ. ಮೇಲಿನವರು ಹೇಳಿದ ಹಾಜರಾತಿಯನ್ನು ಪಾಲಿಸುತ್ತ, ಪ್ರಬಂಧ ಬರೆಯುತ್ತ, ಅದರ ನಡುವೆ ಎಂ.ಎಸ್ಸಿ. ಗಣಿತದ ‘ನೈಜ ವಿಶ್ಲೇಷಣೆ’ಯಂತಹ ಪತ್ರಿಕೆಯ ಪರೀಕ್ಷೆ ಬರೆಯುವುದನ್ನು ನಾನು ಯಾರಿಗೂ ಸಲಹೆ ಮಾಡಲಾರೆ, ಎರಡರಲ್ಲೂ ಶೇ. 55 ಬೇಕೆಂಬುದು ನೆನಪಿರಲಿ.

ಈ ಕ್ರಮದಲ್ಲಿ ಇನ್ನೊಂದು ಲಾಭವಿದೆ. ಎನ್‌ಸಿಟಿಇ 2025ರಲ್ಲಿ ಪ್ರಕಟಿಸಿದ ಕರಡು ನಿಯಮಾವಳಿಯಲ್ಲಿ ಒಂದು ವರ್ಷದ ಎಂ.ಇಡಿ.ಯನ್ನು ಮರಳಿ ತರುವ ಪ್ರಸ್ತಾಪವೂ, ವೃತ್ತಿನಿರತರಿಗಾಗಿ ಅರೆಕಾಲಿಕ ಎಂ.ಇಡಿ.ಯ ಪ್ರಸ್ತಾಪವೂ ಇತ್ತು. ಕರಡನ್ನು ನಂಬಿ ಈಗಲೇ ರಜೆಯ ಲೆಕ್ಕ ಹಾಕಬೇಡಿ. ನೀವು ಎಂ.ಎಸ್ಸಿ. ಮುಗಿಸುವ ಹೊತ್ತಿಗೆ ಯಾವ ನಿಯಮ ಜಾರಿಯಲ್ಲಿದೆಯೋ ಅದರಂತೆ, ಆ ವರ್ಷದ ಪ್ರವೇಶ ಪ್ರಕಟಣೆಯನ್ನು ಕೈಯಲ್ಲಿ ಹಿಡಿದು ನಿರ್ಧರಿಸಿ. ಎಂ.ಇಡಿ.ಯ ಕೊನೆಯ ವರ್ಷದಲ್ಲೇ ನೆಟ್‌ಗೂ ರಾಜ್ಯದ ಅರ್ಹತಾ ಪರೀಕ್ಷೆಯಾದ ಕೆ-ಸೆಟ್‌ಗೂ ಅರ್ಜಿ ಹಾಕಿ. ಸಹಾಯಕ ಪ್ರಾಧ್ಯಾಪಕ ಅರ್ಹತೆಗೆ ವಯಸ್ಸಿನ ಮಿತಿ ಇಲ್ಲ. ನೆಟ್ ಮೂಲಕವೇ ಸಿಗುವ ಸಂಶೋಧನಾ ವೇತನಕ್ಕೆ 30 ವರ್ಷದ ಮಿತಿಯಿದ್ದು, ಮಹಿಳೆಯರಿಗೆ 5 ವರ್ಷಗಳ ಸಡಿಲಿಕೆ ಇದೆ.